ಮಾಳಿಗೆಯ ಮೇಲಿನ ಬಿಸಿಲು

ಇಂದು ಬೆಳಿಗ್ಗೆ ಮಾಳಿಗೆ ಹತ್ತಿ ಸೌರ ಫಲಕಗಳನ್ನು ಒರೆಸಿದೆ. ಹದಿನೈದು ದಿನಗಳ ಧೂಳು. ಬಟ್ಟೆಯನ್ನು ಬಕೆಟ್ಟಿಗೆ ಅದ್ದಿದೊಡನೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ವಿಜಯಪುರದಲ್ಲಿ ಬಿಸಿಲಿನ ಜೊತೆ ಇದೂ ಬರುತ್ತದೆ.

ಹಾಕಿಸಿದ್ದರಿಂದ ಲಾಭವಾಯಿತೇ ಎಂದು ಓಣಿಯವರು ಕೇಳುತ್ತಲೇ ಇರುತ್ತಾರೆ. 3 ಕಿಲೋವ್ಯಾಟ್‌ಗೆ ನಮಗೆ 1,95,000 ರೂಪಾಯಿ ತಗುಲಿತು. ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ 78,000 ರೂಪಾಯಿ ಖಾತೆಗೆ ಬಂತು. ತಿಂಗಳಿಗೆ ಸುಮಾರು 1,800 ರೂಪಾಯಿ ಬಿಲ್ ಉಳಿಯುತ್ತಿದೆ. ಐದೂವರೆ ವರ್ಷದಲ್ಲಿ ಹಾಕಿದ ಹಣ ಕೈಸೇರುತ್ತದೆ. ಆದರೆ ಇದು 300 ಯೂನಿಟ್ ದಾಟುವ ನಮ್ಮಂಥ ಕೂಡು ಕುಟುಂಬದ ಲೆಕ್ಕ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಯವರು ಸಾಲ ಮಾಡಿ ಹಾಕಿಸುವುದು ಬೇಡ ಎಂದೇ ಹೇಳುತ್ತೇನೆ.

ಇನ್ನೊಂದು ಮಾತು. ಬ್ಯಾಟರಿ ಇಲ್ಲದ, ಗ್ರಿಡ್‌ಗೆ, ಅಂದರೆ ಹೊರಗಿನ ವಿದ್ಯುತ್ ಜಾಲಕ್ಕೆ, ಜೋಡಿಸಿದ ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಫಲಕದ ಕರೆಂಟ್ ಹೊರಗಿನ ತಂತಿಗೆ ಹರಿದು, ಅದನ್ನು ದುರಸ್ತಿ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದೇ ಈ ಏರ್ಪಾಡು, ಅದು ಸರಿಯೇ. ಆದರೆ ಮಾರಿದವರು ಇದನ್ನು ಮೊದಲೇ ಹೇಳಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಫ್ಯಾನ್ ನಿಂತಾಗ ತಿಳಿಯಿತು. ಬಹಳ ಬೇಸರವಾಗಿತ್ತು.

ಅವ್ವನ ಚಿಂತೆಯೇ ಬೇರೆಯಾಗಿತ್ತು: ‘ಸಂಡಿಗೆ, ಮೆಣಸಿನಕಾಯಿ ಎಲ್ಲಿ ಒಣಗಿಸಲಿ?’ ಅದಕ್ಕಾಗಿಯೇ ಕಂಬಗಳನ್ನು ಎತ್ತರಿಸಿ, ಪೂರ್ವದ ಮೂಲೆಯನ್ನು ಖಾಲಿ ಬಿಡಿಸಿದೆ. ಇಂದು ಅಲ್ಲಿ ಹಳೆಯ ಸೀರೆಯ ಮೇಲೆ ಸಾಬೂದಾನಿ ಸಂಡಿಗೆ ಹರಡಿತ್ತು. ಫಲಕದ ನೆರಳಿನಲ್ಲಿ ಕುಳಿತು ಅವ್ವ ಕಾಗೆ ಓಡಿಸುತ್ತಿದ್ದಳು. ನಿನ್ನೆ ಇಟ್ಟ ಸಾಲು ಆಗಲೇ ಸೀರೆ ಬಿಟ್ಟು ಎದ್ದಿತ್ತು.