ಚೈನ್‌ಸಾ ಸರ್ವೀಸ್: ಯಾರೂ ಕೇಳದ ರಬ್ಬರ್

ಚೈನ್‌ಸಾ ಸರ್ವೀಸಿಗೆ ತಂದವರು ಹೇಳುವ ಪಟ್ಟಿ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಪ್ಲಗ್ ನೋಡಿ, ಏರ್ ಫಿಲ್ಟರ್ ಕ್ಲೀನ್ ಮಾಡಿ, ಚೈನ್ ಸಾಣೆ ಹಿಡೀರಿ, ಕಾರ್ಬೊರೇಟರ್ ಟ್ಯೂನ್ ಮಾಡಿ. ಕೊಡಗಿನ ಗೋಣಿಕೊಪ್ಪದಲ್ಲಿ ಇಷ್ಟು ಕಾಲದಿಂದ ಇದೇ ಕೆಲಸ ಮಾಡ್ತಿದ್ದೇನೆ. "ಹ್ಯಾಂಡಲ್ ರಬ್ಬರ್ ಹೇಗಿದೆ ನೋಡಿ" ಅಂತ ಹೇಳಿ ಮೆಷಿನ್ ಕೊಟ್ಟವರು ಒಬ್ಬರೂ ನೆನಪಿಗೆ ಬರುವುದಿಲ್ಲ. ಆದರೆ ಬಿಚ್ಚಿದಾಗ ಹಾಳಾಗಿರುವುದು ಎಷ್ಟೋ ಸಲ ಅದೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಚೈನ್‌ಸಾ ಅಂದರೆ ಎರಡು ಭಾಗ. ಇಂಜಿನ್, ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ), ಚೈನ್ ಒಂದು ಕಡೆ. ನಾವು ಹಿಡಿಯುವ ಎರಡು ಹಿಡಿಕೆ ಇನ್ನೊಂದು ಕಡೆ, ಹೆಚ್ಚಿನ ಮಾಡೆಲ್‌ಗಳಲ್ಲಿ ಪೆಟ್ರೋಲ್ ಟ್ಯಾಂಕೂ ಅದರ ಜೊತೆಗೇ. ಇವೆರಡನ್ನೂ ನೇರವಾಗಿ ಬೋಲ್ಟ್ ಹಾಕಿ ಬಿಗಿದಿರುವುದಿಲ್ಲ. ನಡುವೆ ಮೂರ್ನಾಲ್ಕು ಕಡೆ ರಬ್ಬರ್ ಬುಷ್ ಇರುತ್ತದೆ, ಕೆಲವದರಲ್ಲಿ ಸ್ಪ್ರಿಂಗ್. ಮಧ್ಯಮ ಗಾತ್ರದ ಮೆಷಿನ್ ಫುಲ್ ರೇಸ್‌ನಲ್ಲಿ ನಿಮಿಷಕ್ಕೆ 12,000ದಿಂದ 13,000 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 200 ಸಲ ನಡುಕ. ಆ ನಡುಕ ಕೈಗೆ ಹೋಗದ ಹಾಗೆ ತಡೆಯುವುದು ಈ ರಬ್ಬರ್.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೊಸ ರಬ್ಬರ್ ಹಾಕಿದ ಮೇಲೆ ಐಡಲ್‌ನಲ್ಲಿ ಹಿಡಿಕೆ ಜಾಸ್ತಿ ಅಲುಗಿದ ಹಾಗೆ ಕಾಣಬಹುದು. "ಏನಣ್ಣ, ಮೊದಲೇ ಚೆನ್ನಾಗಿತ್ತು" ಅಂತ ಹೇಳುವವರೂ ಇದ್ದಾರೆ. ಆ ರಬ್ಬರ್ ಅಳತೆ ಮಾಡಿರುವುದು ಮರ ಕೊಯ್ಯುವ ವೇಗಕ್ಕೆ. ನಿಧಾನ ತಿರುಗುವಾಗ ಅದಕ್ಕೆ ನಡುಕ ತಡೆಯಲು ಅಷ್ಟು ಆಗುವುದಿಲ್ಲ. ಆಕ್ಸಿಲರೇಟರ್ ಒತ್ತಿ, ಒಂದು ದಿಮ್ಮಿ ಕೊಯ್ದು ನೋಡಿ ಅನ್ನುತ್ತೇನೆ. ಆಮೇಲೆ ಮಾತು ನಿಲ್ಲುತ್ತದೆ.

ಈಗ ನನ್ನ ಕೆಲಸದಲ್ಲಿ ನಾನು ಕಲಿತದ್ದಕ್ಕೆ ಬರುತ್ತೇನೆ. ನಮ್ಮ ಕಡೆ ಮೆಷಿನ್ ಕೊಂಡವರು ಒಬ್ಬರು, ಅಂಗಡಿಗೆ ತರುವವರು ಇನ್ನೊಬ್ಬರು, ತೋಟದಲ್ಲಿ ಹಿಡಿಯುವವರು ಮತ್ತೊಬ್ಬರು. ಸಾವ್ಕಾರ್ರು ದುಡ್ಡು ಕೊಡುತ್ತಾರೆ. ರೈಟ್ರು, ಅಂದರೆ ತೋಟದ ಲೆಕ್ಕ ಬರೆಯುವವರು, ಜೀಪಿನ ಹಿಂದೆ ಹಾಕಿಕೊಂಡು ಬರುತ್ತಾರೆ. ಹಿಡಿಯುವವನು ಆ ಹೊತ್ತಿಗೆ ತೋಟದಲ್ಲಿ ಇರುತ್ತಾನೆ. ರಬ್ಬರ್ ಹೋಗಿರುವುದು ಗೊತ್ತಾಗುವುದು ಅವನ ಕೈಗೆ ಮಾತ್ರ. ನನ್ನ ಟೇಬಲ್ ಹತ್ತಿರ ಬರುವ ಹೊತ್ತಿಗೆ ಅವನು ಹೇಳಿದ್ದು "ಪಿಕಪ್ ಇಲ್ಲವಂತೆ", "ಏನೋ ಟ್ಯೂನಿಂಗ್ ಸರಿಯಿಲ್ಲವಂತೆ" ಅಂತ ಬೇರೆಯೇ ಆಗಿರುತ್ತದೆ.

ಹಾಗಾಗಿ ಈಗ ರೈಟ್ರಿಗೆ ಮೊದಲು ಕೇಳುವುದು, ಮೆಷಿನ್ ಓಡಿಸುವವರ ಫೋನ್ ನಂಬರ್. ಅವರಿಗೆ ನಾನೇ ಫೋನ್ ಮಾಡುತ್ತೇನೆ. ಕೊಯ್ದ ಗೆರೆ ಸೊಟ್ಟ ಹೋಗುತ್ತದಾ? ಬಾರ್ ಒಂದು ಕಡೆ, ಹಿಡಿಕೆ ಒಂದು ಕಡೆ ಎಳೆದ ಹಾಗೆ ಆಗುತ್ತದಾ? ಸಾಯಂಕಾಲ ಕೈ ಜೋಮು ಹಿಡಿಯುತ್ತದಾ? ಮೂರನೆಯ ಪ್ರಶ್ನೆಗೆ ಹೆಚ್ಚಿನವರು ಮೊದಲು ನಗುತ್ತಾರೆ. "ಅದೆಲ್ಲ ಇದ್ದದ್ದೇ ಅಲ್ವಾ ಅಣ್ಣ" ಅನ್ನುತ್ತಾರೆ. ಆಮೇಲೆ ಒಂದೊಂದೇ ಹೊರಗೆ ಬರುತ್ತದೆ. ರಾತ್ರಿ ಬೆರಳು ಚುಚ್ಚುತ್ತದೆ, ಅಂಗಿ ಗುಂಡಿ ಹಾಕಲು ಕಷ್ಟ, ಡಿಸೆಂಬರ್ ಬೆಳಿಗ್ಗೆ ಬೆರಳ ತುದಿ ಬೆಳ್ಳಗೆ ಆಗುತ್ತದೆ.

ಬೆರಳು ಬಿಳಿಚುವುದು ಸುಮ್ನೆ ಚಳಿಗೆ ಅಂತ ಬಿಡುವ ವಿಷಯ ಅಲ್ಲ. ನಡುಕದಿಂದ ಬೆರಳಿನ ರಕ್ತನಾಳ, ನರ ಎರಡೂ ಹಾಳಾಗುತ್ತವೆ. ಚಳಿ ಅದನ್ನು ಹೊರಗೆ ತೋರಿಸುತ್ತದೆ. 1918ರಲ್ಲೇ ಅಮೆರಿಕದ ಇಂಡಿಯಾನಾದ ಕಲ್ಲು ಕೆಲಸಗಾರರಲ್ಲಿ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಇದನ್ನು ಕಂಡು ಬರೆದಿದ್ದರು. ಗಾಳಿಯ ಒತ್ತಡದಿಂದ ಓಡುವ ಸುತ್ತಿಗೆ ಹಿಡಿದವರ ಬೆರಳುಗಳು ಅವು. ಚೈನ್‌ಸಾ ವಿಷಯದಲ್ಲಿ ನನಗೆ ಮನಸ್ಸಿಗೆ ನಾಟಿದ್ದು ಫಿನ್ಲೆಂಡಿನ ಲೆಕ್ಕ. ಅಲ್ಲಿನ ಸುವೊಮುಸ್ಸಲ್ಮಿ ಎಂಬ ಊರಿನ ಕಾಡಿನ ಕೆಲಸಗಾರರನ್ನು 1972ರಿಂದ 1990ರವರೆಗೆ ಪರೀಕ್ಷೆ ಮಾಡುತ್ತಾ ಬಂದರು. ಶುರುವಿನಲ್ಲಿ 100ಕ್ಕೆ 40 ಜನರಿಗೆ ಬೆರಳು ಬಿಳಿಚುವ ತೊಂದರೆ ಇತ್ತು. ಕೊನೆಗೆ ಅದು 5ಕ್ಕೆ ಇಳಿಯಿತು. ಆ ಹೊತ್ತಿಗೆ ಮೆಷಿನ್ನಿನ ನಡುಕ, ಅದನ್ನು ಅಳೆಯುವ m/s² ಲೆಕ್ಕದಲ್ಲಿ, 14ರಿಂದ 2ಕ್ಕೆ ಇಳಿದಿತ್ತು. ಯುರೋಪಿನ 2002ರ ನಿಯಮದಲ್ಲಿ ಇದೇ ಅಳತೆಯಲ್ಲಿ ದಿನದ ಎಂಟು ಗಂಟೆ ಲೆಕ್ಕಕ್ಕೆ 5 ದಾಟಬಾರದು, 2.5 ದಾಟಿದರೇ ಮಾಲೀಕ ಏನಾದರೂ ಮಾಡಬೇಕು. ಇಲ್ಲಿ ನಮ್ಮ ತೋಟದಲ್ಲಿ ಯಾರು ಅಳೆಯುತ್ತಾರೆ? ಹೊಸ ಮೆಷಿನ್ ಕೊಂಡರೆ ಆ ಒಳ್ಳೆಯ ನಂಬರ್ ಪುಸ್ತಕದಲ್ಲಿ ಬರೆದಿರುತ್ತದೆ. ರಬ್ಬರ್ ಹರಿದ ದಿನ ಆ ನಂಬರಿಗೆ ಬೆಲೆ ಇಲ್ಲ.

ರಬ್ಬರ್ ಹೋಗುವುದು ಬರೀ ಓಡಿಸಿದ್ದರಿಂದ ಅಲ್ಲ. ಟ್ಯಾಂಕಿನ ಮುಚ್ಚಳ ಸೋರಿ ಪೆಟ್ರೋಲ್ ಹನಿಯುತ್ತದೆ, ಚೈನಿಗೆ ಅಂತ ವೇಸ್ಟ್ ಆಯಿಲ್ ಹಾಕುತ್ತಾರೆ, ಅದೂ ಒಳಗೆ ಹರಿದಾಡುತ್ತದೆ. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮೂಲೆಯಲ್ಲಿ ಸುಮ್ನೆ ಇಟ್ಟ ಮೆಷಿನ್ನಿನದು ಗಟ್ಟಿಯಾಗಿ ಬಿರುಕು ಬಿಡುತ್ತದೆ. "ವರ್ಷಕ್ಕೆ ಹತ್ತು ದಿನ ಓಡಿಸಿದರೆ ಜಾಸ್ತಿ, ಇದಕ್ಕೇನಾಗುತ್ತೆ" ಅನ್ನುವವರ ಮೆಷಿನ್ನಿನಲ್ಲೂ ಬಿರುಕು ನೋಡಿದ್ದೇನೆ.

ನೋಡುವ ವಿಧಾನ ಸುಲಭ. ಸ್ವಿಚ್ ಆಫ್ ಮಾಡಿ, ಪ್ಲಗ್ ಕ್ಯಾಪ್ ತೆಗೆಯಿರಿ, ಬಾರಿಗೆ ಕವರ್ ಹಾಕಿ. ಬಾರಿನ ತುದಿ ಒಂದು ಮರದ ತುಂಡಿಗೆ ಒತ್ತಿ, ಹಿಂದಿನ ಹಿಡಿಕೆ ಮೇಲೆ, ಕೆಳಗೆ, ಪಕ್ಕಕ್ಕೆ ಅಲುಗಿಸಿ. ಸ್ವಲ್ಪ ಆಡಬೇಕು, ವಾಪಸ್ ಬರಬೇಕು. ಸಡಿಲವಾಗಿ ನೇತಾಡಿದರೆ, ಇಲ್ಲ ಕಟಕಟ ಅಂದರೆ ಹೋಗಿದೆ ಅಂತಲೇ. ಹಿಡಿಕೆಗೂ ಇಂಜಿನ್ನಿಗೂ ನಡುವಿನ ಸಂದಿ ಎರಡೂ ಕಡೆ ಸಮ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಒಂದು ಕಡೆ ಉಜ್ಜಿ ಹೊಳೆಯುವ ಗುರುತಿದ್ದರೆ ಅಲ್ಲಿ ತಾಗುತ್ತಿದೆ. ತಾಗಿದ ಮೇಲೆ ರಬ್ಬರ್ ಇದ್ದೂ ಇಲ್ಲದ ಹಾಗೆ. ಆದರೆ ಎಲ್ಲ ನಡುಕಕ್ಕೂ ರಬ್ಬರನ್ನೇ ದೂರಬೇಡಿ. ಮೊಂಡು ಚೈನ್, ಚೈನಿನ ಹಲ್ಲಿನ ಮುಂದೆ ಇರುವ ಚಿಕ್ಕ ಉಬ್ಬುಗಳಿಗೆ ಒಂದೊಂದು ಒಂದೊಂದು ಎತ್ತರಕ್ಕೆ ಅರ ಹಾಕಿರುವುದು, ಸವೆದ ಸ್ಪ್ರಾಕೆಟ್, ಸಡಿಲ ಬೋಲ್ಟ್, ಇವೂ ಅಷ್ಟೇ ಕೈ ನಡುಗಿಸುತ್ತವೆ.

ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತೇನೆ. ಒಂದು ಹೊಸದು, ಮೂರು ಹಳೇದು ಅಂತ ಮಾಡಿದರೆ ಹಿಡಿಕೆ ಓರೆ ಕೂರುತ್ತದೆ, ಹೊಸದರ ಮೇಲೆ ಭಾರ ಬಿದ್ದು ಅದೂ ಬೇಗ ಹರಿಯುತ್ತದೆ. ಟ್ಯಾಂಕ್ ಖಾಲಿ ಮಾಡಿ, ಬಾರ್, ಚೈನ್, ಏರ್ ಫಿಲ್ಟರ್ ತೆಗೆದು, ಪೆಟ್ರೋಲ್ ಪೈಪ್, ಆಕ್ಸಿಲರೇಟರ್ ಕಡ್ಡಿ ಹೇಗಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೇ ಬಿಚ್ಚುತ್ತೇನೆ. ಹೊಸ ಬುಷ್ ಕೂರಿಸಲು ಸೋಪ್ ನೀರು ಸಾಕು. ಗ್ರೀಸ್, ಆಯಿಲ್ ಹಚ್ಚಬಾರದು, ಹಚ್ಚಿದರೆ ಮೊದಲ ದಿನದಿಂದಲೇ ರಬ್ಬರ್ ತಿನ್ನಲು ಶುರು. ಸ್ಕ್ರೂ ಎಷ್ಟೋ ಮಾಡೆಲ್‌ಗಳಲ್ಲಿ ಪ್ಲಾಸ್ಟಿಕ್ಕಿಗೋ ಮೆಗ್ನೀಸಿಯಂಗೋ ನೇರ ಹೋಗುತ್ತದೆ. ಬಲ ತೋರಿಸಲು ಹೋದರೆ ಥ್ರೆಡ್ ಹೋಗುತ್ತದೆ.

ಲೋಕಲ್ ಬುಷ್ ಅರ್ಧ ಬೆಲೆಗೆ ಸಿಗುತ್ತದೆ, ನೋಡಲು ಒಂದೇ ಥರ. ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ನಡುಕ ನೇರ ಕೈಗೆ. ತೀರಾ ಮೆತ್ತಗಿದ್ದರೆ ಬಾರ್ ನಿಮ್ಮ ಮಾತು ಕೇಳುವುದಿಲ್ಲ. ಸಿಲ್ವರ್ ಓಕ್ ಮರದ ಮೇಲೆ ಹಗ್ಗ ಕಟ್ಟಿಕೊಂಡು ನಿಂತವನಿಗೆ ಈ ಎರಡನೆಯದು ಮೊದಲನೆಯದಕ್ಕಿಂತ ಅಪಾಯ.

ಇಷ್ಟೆಲ್ಲ ಹೇಳಿದರೂ ಕೆಲವು ಸಾವ್ಕಾರ್ರು ಒಪ್ಪುವುದಿಲ್ಲ. "ಓಡ್ತಾ ಇದೆಯಲ್ಲ, ಇನ್ನೊಂದು ಸೀಸನ್ ನೋಡೋಣ." ಕೈ ಬೇರೆಯವರದು, ಬಿಲ್ ಇವರದು. ಅವರ ಹತ್ತಿರ ನಾನು ಕೈಯ ವಿಷಯ ಬಿಟ್ಟು ಪಿಸ್ಟನ್ ವಿಷಯ ಎತ್ತುತ್ತೇನೆ. ಎಷ್ಟೋ ಮಾಡೆಲ್‌ಗಳಲ್ಲಿ ಕಾರ್ಬೊರೇಟರ್ ಹಿಡಿಕೆಯ ಕಡೆ ಇರುತ್ತದೆ, ಸಿಲಿಂಡರ್ ಇಂಜಿನ್ ಕಡೆ. ಇವೆರಡರ ನಡುವೆ ಒಂದು ರಬ್ಬರ್ ಪೈಪ್. ಬುಷ್ ಸಡಿಲವಾದರೆ ಎಳೆತ ಎಲ್ಲ ಆ ಪೈಪ್ ಮೇಲೆ. ಅದು ಸೀಳಿದರೆ ಬೇಡದ ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲ್ ಜೊತೆ ಬರುವ ಆಯಿಲ್ ಕಡಿಮೆಯಾಗುತ್ತದೆ, ಪಿಸ್ಟನ್ ಬಿಸಿಯಾಗಿ ಸೀಜ್ ಆಗುತ್ತದೆ. ಪಿಸ್ಟನ್, ಸಿಲಿಂಡರ್ ರೇಟು ಹೇಳಿದ ಕೂಡಲೇ ಬುಷ್ ಸೆಟ್ಟಿಗೆ ಒಪ್ಪಿಗೆ ಬರುತ್ತದೆ. ನನಗೆ ಇದರಲ್ಲಿ ಬೇಜಾರೂ ಇದೆ. ಆದರೂ ಹೇಳಿದ್ದು ನಿಜ, ಕೆಲಸವೂ ಆಗುತ್ತದೆ.

ಕಾಫಿ ಹೂ ಬಿಡಿಸುವ ಹೂಮಳೆ ಮುಗಿದು ಮರ ಕಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಶುರುವಾಗುವ ಮೊದಲು ತಂದರೆ ಒಳ್ಳೆಯದು. ಜೂನ್ ಮಳೆಗೆ ರಸ್ತೆಗೆ ಮರ ಬಿದ್ದ ಮೇಲೆ ಎಲ್ಲರಿಗೂ ಇವತ್ತೇ ಬೇಕು, ಆಗ ಬುಷ್ ತರಿಸುವಷ್ಟು ಸಮಯ ಯಾರೂ ಕೊಡುವುದಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ತುರುಕಿ ತಂದ ಮೆಷಿನ್‌ಗಳೂ ಇವೆ. ಅದನ್ನು ದಯವಿಟ್ಟು ಮಾಡಬೇಡಿ. ಮೂಲ ಬುಷ್ ಹರಿದರೂ ಹಿಡಿಕೆ ಪೂರ್ತಿ ಕಳಚಿ ಬರದ ಹಾಗೆ ಕೆಲವದರಲ್ಲಿ ಒಳಗೊಂದು ತಡೆ ಇರುತ್ತದೆ, ಟ್ಯೂಬ್ ತುಂಡಿಗೆ ಅದಿಲ್ಲ. ಸ್ಪೇರ್ ಸಿಗದ ಅಗ್ಗದ ಮೆಷಿನ್ ಆದರೆ ನಾನು ರಬ್ಬರ್ ಹುಡುಕುತ್ತಾ ಕೂರುವುದಿಲ್ಲ, ಮರ ಹತ್ತುವ ಕೆಲಸಕ್ಕೆ ಇದನ್ನು ಕೊಡಬೇಡಿ ಅಂತ ಬಿಲ್ ಮೇಲೆ ಬರೆದು ರೈಟ್ರ ಕೈಗೆ ಕೊಡುತ್ತೇನೆ, ಓಡಿಸುವವರಿಗೂ ಫೋನ್ ಮಾಡಿ ಹೇಳುತ್ತೇನೆ.