ರಾಜಮಲೆಯ ಹುಲ್ಲು, ಅಲ್ಲಿಯ ವರಯಾಡು

ನಮ್ಮ ಬದಿಯಡ್ಕದ ಕಡೆ ಗುಡ್ಡೆ ಎಂದರೆ ಮುರಕಲ್ಲಿನ ಪದವು, ಮಳೆಗಾಲ ಕಳೆದೊಡನೆ ಹೊಂಬಣ್ಣಕ್ಕೆ ತಿರುಗುವ ಮುಳಿಹುಲ್ಲು. ಆ ಹುಲ್ಲಿನ ಹೊರೆ ಹೊತ್ತು ಬೆಳೆದ ಅಪ್ಪನನ್ನು ಈ ಜನವರಿಯ ಮೊದಲ ವಾರ ಇಡುಕ್ಕಿ ಜಿಲ್ಲೆಯ ಇರವಿಕುಳಂ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದೆ. ಕಾಸರಗೋಡಿನಿಂದ ರಾತ್ರಿ ರೈಲಿನಲ್ಲಿ ಆಲುವಾ, ಅಲ್ಲಿಂದ ಅಡಿಮಾಲಿಯ ದಾರಿಯಾಗಿ ಬಸ್ಸಿನಲ್ಲಿ ಮುನ್ನಾರ್. 2018ರಲ್ಲಿ ನೀಲಕುರಿಂಜಿ ಅರಳುವಾಗಲೇ ಹೋಗಬೇಕೆಂದಿದ್ದೆವು. ಆ ಆಗಸ್ಟಿನ ಪ್ರವಾಹದಲ್ಲಿ ಅಲ್ಲಿಯ ರಸ್ತೆಗಳೇ ಕುಸಿದವು. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಆ ಗಿಡ ಇನ್ನು ಅರಳಬೇಕಾದದ್ದು 2030ರಲ್ಲಿ. ಅಷ್ಟು ಕಾಯುವ ಮನಸ್ಸು ಅಪ್ಪನಿಗಿರಲಿಲ್ಲ.

ಅರಣ್ಯ ಇಲಾಖೆಯ ಬಸ್ಸು ಚಹಾ ತೋಟಗಳನ್ನು ದಾಟಿ ರಾಜಮಲೆಯಲ್ಲಿ ಇಳಿಸುತ್ತದೆ. ಮುಂದಿನದು ಡಾಂಬರು ರಸ್ತೆಯ ನಡಿಗೆ. ನೀಲಗಿರಿ ತಾರ್ ಎಂಬ ಬೆಟ್ಟದ ಕಾಡುಮೇಕೆಗೆ ಮಲೆಯಾಳದ ಫಲಕದಲ್ಲಿ ‘ವರಯಾಡ್’ ಎಂದಿದ್ದುದನ್ನು ಓದಿದ ಅಪ್ಪ, “ಇದೂ ನಮ್ಮ ಆಡೇ ಅಲ್ಲವೋ?” ಎಂದರು. ಮಾತು ಮುಗಿಯುವ ಮೊದಲೇ ರಸ್ತೆಯಂಚಿನ ಬಂಡೆಯ ಹಿಂದಿನಿಂದ ಒಂದು ಹೆಣ್ಣು ಹೊರಬಂತು. ಹಿಂದಕ್ಕೆ ಬಾಗಿದ ಗಿಡ್ಡ ಕೊಂಬು, ಮಂಜಿನಲ್ಲಿ ನೆನೆದ ಒರಟು ಕೂದಲು. ಹತ್ತು ಅಡಿ ದೂರದಲ್ಲಿ ಅದು ಹುಲ್ಲು ಹರಿಯುವ ಸದ್ದು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮೇಲಿನ ಇಳಿಜಾರಿನಲ್ಲಿ ಬೆನ್ನ ಮೇಲೆ ತಡಿ ಹಾಕಿದಂತೆ ಬಿಳಿಚಿದ ಪಟ್ಟೆಯಿದ್ದ, ಕಡುಕಂದು ಬಣ್ಣದ ಪ್ರಾಯದ ಗಂಡೊಂದು ನಿಂತಿತ್ತು. ಮೇಯಲು ಬಯಲು ಹುಲ್ಲು, ಚಿರತೆಯೋ ಕಾಡುನಾಯಿಯೋ ಬಂದರೆ ಓಡಿ ಹತ್ತಲು ಕಡಿದಾದ ಬಂಡೆ, ಇವೆರಡೂ ಪಕ್ಕಪಕ್ಕದಲ್ಲಿದ್ದರೆ ಮಾತ್ರ ಇವು ಬದುಕುತ್ತವೆ. ಕೇರಳ ಮತ್ತು ತಮಿಳುನಾಡಿನ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇವು ಇಲ್ಲ.

ಫೋಟೋಕ್ಕಾಗಿ ಅದರ ಮೈ ಮುಟ್ಟಲು ಹೋದವರನ್ನು ಕಂಡು ನನಗೆ ಸಂಕಟವಾಯಿತು. ಮರಿ ಹಾಕುವ ಕಾಲವೆಂದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಉದ್ಯಾನವನ್ನು ಮುಚ್ಚುವುದು ಬಹಳ ಒಳ್ಳೆಯ ಕ್ರಮ. ಬ್ರಿಟಿಷ್ ತೋಟದೊರೆಗಳು ಬೇಟೆಗೆಂದು ಕಾಯ್ದುಕೊಂಡಿದ್ದ ಈ ನೆಲ 1975ರಲ್ಲಿ ಅಭಯಾರಣ್ಯವಾಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ 97 ಚದರ ಕಿಲೋಮೀಟರು.

ಮಂಜು ಸರಿದಾಗ 2,695 ಮೀಟರ್ ಎತ್ತರದ ಆನಮುಡಿಯ ಬಂಡೆಮೈ ಕಂಡಿತು. ಆದರೆ ಅಪ್ಪ ನೋಡುತ್ತಿದ್ದುದು ಕೆಳಗಿನ ಕಣಿವೆಯನ್ನು. ಹುಲ್ಲುಗಾವಲಿನ ಮಡಿಲುಗಳಲ್ಲಿ ಕುಳ್ಳ ಮರಗಳು ಒತ್ತೊತ್ತಾಗಿ ಬೆಳೆದ ಶೋಲಾ ಕಾಡು, ಅದರ ಬುಡದಿಂದ ಒಸರುವ ತೊರೆ. ಮಳೆಗಾಲದ ನೀರನ್ನು ಹುಲ್ಲು ಮತ್ತು ಶೋಲಾದ ಮಣ್ಣು ಹೀರಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಿಡುವ ಈ ಬಗೆಯನ್ನು ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿದು ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಅಪ್ಪ ರಸ್ತೆಯಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಹುಲ್ಲನ್ನು ಬೆರಳಿನಿಂದ ಸರಿಸಿ, ಬುಡದ ಕಪ್ಪು ಮಣ್ಣು ಮಧ್ಯಾಹ್ನವೂ ಒದ್ದೆಯಾಗಿರುವುದನ್ನು ನನಗೆ ತೋರಿಸಿದರು. ಮತ್ತೆ ಅಲ್ಲಿದ್ದ ಕಾವಲುಗಾರರನ್ನು ಮಲೆಯಾಳದಲ್ಲಿ ಕೇಳಿದರು: “ಈ ತೊರೆ ಮೇಷ ಮಾಸದ ಕಡುಬೇಸಿಗೆಯಲ್ಲೂ ಹರಿಯುತ್ತದೆಯೋ?”

“ಬತ್ತಿದ್ದನ್ನು ನಾನು ಕಂಡಿಲ್ಲ ಚೇಟಾ,” ಎಂದರು ಅವರು.

ಹಿಂದಿರುಗುವ ಬಸ್ಸಿನಲ್ಲಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಯ ಸುರಂಗದ ನೀರು ಈಗೀಗ ಮೇಷಕ್ಕೆ ಎರಡು ತಿಂಗಳು ಮೊದಲೇ, ಕುಂಭ ಮಾಸಕ್ಕೇ ನೂಲಿನಷ್ಟಾಗುತ್ತದೆ. ಅದರ ಮೇಲಿನ ಪದವಿನಲ್ಲಿ ಮುಳಿಹುಲ್ಲು ಹೋಗಿ ರಬ್ಬರು ಬಂದು ಹದಿನೈದು ವರ್ಷವಾಯಿತು.