ಹೊಸದಾಗಿ ಬಂದದ್ದನ್ನೆಲ್ಲ ನೋಡೋಕೆ ಟೈಮ್ ಎಲ್ಲಿ ಸಿಗುತ್ತೆ?

"ಸಿನಿಮಾ, ಗೇಮ್, ಹಾಡು ಅಂತ ಇಷ್ಟೆಲ್ಲ ಬರೀತೀರಲ್ಲ, ಹೊಸದಾಗಿ ಬಂದದ್ದನ್ನೆಲ್ಲ ನೋಡೋಕೆ ನಿಮಗೆ ಟೈಮ್ ಎಲ್ಲಿ ಸಿಗುತ್ತೆ?" ಈ ಪ್ರಶ್ನೆಯನ್ನು ನನಗೆ ಪದೇ ಪದೇ ಕೇಳುತ್ತಾರೆ. ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ಸುಸ್ತೇ ಜಾಸ್ತಿ ಇರುತ್ತದೆ. ನೋಡಬೇಕಾದ ಸಿನಿಮಾಗಳ ಪಟ್ಟಿ ಬೆಳೆಯುತ್ತಲೇ ಇದೆ. ಕೊಂಡ ಗೇಮ್ ಇನ್‌ಸ್ಟಾಲ್ ಕೂಡ ಆಗಿಲ್ಲ. ಎಲ್ಲರ ಬಾಯಲ್ಲಿರುವ ಹಾಡು ತಮಗೊಬ್ಬರಿಗೇ ಗೊತ್ತಿಲ್ಲ ಎನ್ನುವ ಕಸಿವಿಸಿ ಬೇರೆ.

ನಾನು ಎಲ್ಲವನ್ನೂ ನೋಡುವುದಿಲ್ಲ. ನೋಡಲು ಯಾರಿಂದಲೂ ಆಗುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ದಿನಕ್ಕೆ ಸುಮಾರು 1 ಲಕ್ಷ ಹಾಡು ಬಂದು ಸೇರುತ್ತಿವೆ ಎಂದು ದೊಡ್ಡ ಸಂಗೀತ ಕಂಪನಿಗಳ ಮುಖ್ಯಸ್ಥರೇ 2022ರಲ್ಲಿ ಹೇಳಿದ್ದರು. ಒಂದು ಹಾಡಿಗೆ 3 ನಿಮಿಷ ಅಂತ ಹಿಡಿದರೂ 5,000 ಗಂಟೆ ಆಯಿತು. ಊಟ, ನಿದ್ದೆ ಬಿಟ್ಟು ಕೂತರೂ ಆ ಒಂದೇ ದಿನದ ಹಾಡು ಕೇಳಿ ಮುಗಿಸಲು 208 ದಿನ ಬೇಕು. ಗೇಮ್‌ಗಳದ್ದೂ ಹೀಗೇ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಒಂದರಲ್ಲೇ 2024ರಲ್ಲಿ 18,000ಕ್ಕೂ ಹೆಚ್ಚು ಹೊಸ ಗೇಮ್ ಬಂದವು. 2017ಕ್ಕೆ ಮುಂಚೆ ಸಣ್ಣಪುಟ್ಟ ಗೇಮ್ ಮಾಡಿದವರು ಬಳಕೆದಾರರ ಓಟು ಗಿಟ್ಟಿಸಿ ಅಲ್ಲಿಗೆ ಬರಬೇಕಿತ್ತು. ಈಗ ಪ್ರತಿ ಗೇಮ್‌ಗೆ 100 ಡಾಲರ್ ಕಟ್ಟಿದರೆ ದಾರಿ ಸಲೀಸು. ಇದು ನನಗೆ ಖುಷಿಯ ವಿಷಯವೇ. ಒಬ್ಬರೇ ಕೂತು ಮಾಡಿದ ಎಷ್ಟೋ ಒಳ್ಳೆಯ ಗೇಮ್‌ಗಳು ನಮಗೆ ಸಿಕ್ಕಿದ್ದು ಇದರಿಂದ. ಆದರೆ ಇಷ್ಟೊಂದು ಬರುವಾಗ "ನಾನು ಹಿಂದೆ ಬಿದ್ದೆ" ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಮುಂದೆ ಹೋದವರು ಯಾರೂ ಇಲ್ಲವಲ್ಲ!

ನಿಜ ಹೇಳಬೇಕೆಂದರೆ ಹೆಚ್ಚಿನ ಜನ ಹಳೆಯದನ್ನೇ ನೋಡುತ್ತಿದ್ದಾರೆ, ಕೇಳುತ್ತಿದ್ದಾರೆ. 2024ರಲ್ಲಿ ಸ್ಟೀಮ್ ಬಳಕೆದಾರರು ಆಡಿದ ಹೊತ್ತಿನಲ್ಲಿ ಆ ವರ್ಷದ ಗೇಮ್‌ಗಳ ಪಾಲು ಶೇ 15 ಮಾತ್ರ ಎಂದು ಸ್ಟೀಮ್‌ನ ವರ್ಷಾಂತ್ಯದ ಲೆಕ್ಕವೇ ಹೇಳಿತು. ಎಂಟು ವರ್ಷ ಅಥವಾ ಅದಕ್ಕಿಂತ ಹಳೆಯ ಗೇಮ್‌ಗಳ ಪಾಲು ಅದರ ಎರಡು ಪಟ್ಟಿಗಿಂತ ಜಾಸ್ತಿ. ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಕೇಳುವ ಸಂಗೀತದಲ್ಲಿ ಶೇ 70ಕ್ಕಿಂತ ಹೆಚ್ಚು ಒಂದೂವರೆ ವರ್ಷ ದಾಟಿದ ಹಾಡುಗಳದ್ದು.

ಹಾಗಿದ್ದರೆ ಎಲ್ಲರೂ ಹೊಸದನ್ನು ನೋಡಿ ಮುಗಿಸಿದ್ದಾರೆ ಎಂದು ನಮಗೆ ಯಾಕೆ ಅನ್ನಿಸುತ್ತದೆ? ಹೊಸದರ ಬಗ್ಗೆ ಎಲ್ಲರೂ ಒಂದೇ ವಾರದಲ್ಲಿ ಮಾತಾಡುತ್ತಾರೆ. ಹಳೆಯದನ್ನು ಅವರವರಿಗೆ ಬಿಡುವಾದಾಗ ನೋಡಿ ಸುಮ್ಮನಾಗುತ್ತಾರೆ. ನಮ್ಮ ಕಿವಿಗೆ ಬೀಳುವುದು ಮೊದಲನೆಯದು ಮಾತ್ರ. ನಾವು ಹೆದರುವುದು ಸಿನಿಮಾ ತಪ್ಪಿಹೋಗುತ್ತದೆ ಅಂತ ಅಲ್ಲ, ಮಾತು ತಪ್ಪಿಹೋಗುತ್ತದೆ ಅಂತ. ಸಿನಿಮಾ ಎಲ್ಲಿಗೂ ಹೋಗುವುದಿಲ್ಲ, ಅಲ್ವಾ?

ಅದಕ್ಕೇ ನಾನು ಯಾರ ಜೊತೆ ಮಾತಾಡಬೇಕು ಎನ್ನುವುದನ್ನು ಮೊದಲು ನೋಡುತ್ತೇನೆ. ಗೆಳತಿಯೊಬ್ಬಳು ಸಿನಿಮಾ ನೋಡಿ ಬಂದು, ಅದರ ಬಗ್ಗೆ ಮಾತಾಡಲು ಚಡಪಡಿಸುತ್ತಿದ್ದರೆ ನಾನೂ ಆ ವಾರವೇ ನೋಡುತ್ತೇನೆ. ಹಾಗೆ ಯಾರೂ ಇಲ್ಲದಿದ್ದರೆ ಅದು ಈ ವರ್ಷದ್ದೋ ಇಪ್ಪತ್ತು ವರ್ಷ ಹಳೆಯದೋ, ನನಗೆ ಎರಡೂ ಒಂದೇ. ತಪ್ಪಿದ ಮಾತು ಮತ್ತೆ ಬರುವುದೂ ಉಂಟು. ಬ್ರಿಟನ್ನಿನ ಗಾಯಕಿ ಕೇಟ್ ಬುಷ್ 1985ರಲ್ಲಿ ಹಾಡಿದ ಹಾಡೊಂದು 2022ರಲ್ಲಿ ಒಂದು ವೆಬ್ ಸರಣಿಯಲ್ಲಿ ಕೇಳಿಸಿತು. ಅಷ್ಟಕ್ಕೇ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಹಾಡು ಬಂದಾಗ ಹುಟ್ಟಿಯೇ ಇರದ ಮಕ್ಕಳು ಅದನ್ನು ಹೊಸ ಹಾಡಿನ ಹಾಗೆ ಕೇಳಿದರು.

ಗೇಮ್‌ನಲ್ಲಿ ಮಾತ್ರ ನಾನು ಹುಷಾರಾಗಿರುತ್ತೇನೆ. ಕೆಲವು ವಾರಕ್ಕೆ ಮುಗಿಯುವ ಸೀಸನ್, ಗಡುವಿನೊಳಗೆ ಆಡಿದಷ್ಟೂ ಬಹುಮಾನ ಕೊಡುವ ಬ್ಯಾಟಲ್ ಪಾಸ್, ದಿನಾ ಬಂದರೆ ಬಹುಮಾನ, ಇವೆಲ್ಲ ಇವತ್ತು ಆಡದಿದ್ದರೆ ಏನೋ ಕಳೆದುಕೊಂಡೆ ಅನ್ನಿಸುವ ಹಾಗೆಯೇ ಮಾಡಿದವು. ಆಟ ಹಾಜರಿ ಕೇಳಲು ಶುರುಮಾಡಿದ ದಿನ ನಾನು ಅದನ್ನು ಬಿಟ್ಟುಬಿಡುತ್ತೇನೆ. ಒಬ್ಬರೇ ಆಡುವ, ಕಥೆ ಇರುವ ಗೇಮ್‌ಗಳಲ್ಲಂತೂ ಕಾದವರಿಗೇ ಲಾಭ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್‌ನಲ್ಲಿ. ಅದರಲ್ಲಿ ಎಷ್ಟು ದೋಷಗಳಿದ್ದವು ಎಂದರೆ, ಪ್ಲೇಸ್ಟೇಷನ್ ಮಾಡುವ ಸೋನಿ ಸುಮಾರು ಒಂದು ವಾರದಲ್ಲೇ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದುಹಾಕಿತು. 2023ರ ಸೆಪ್ಟೆಂಬರ್‌ನ ದೊಡ್ಡ ಅಪ್‌ಡೇಟ್ ಆದಮೇಲೆ ಶುರುಮಾಡಿದವರಿಗೆ ಸಿಕ್ಕಿದ್ದು ಬಹಳ ಒಳ್ಳೆಯ ಗೇಮ್. ಮೊದಲ ದಿನವೇ ಕೊಂಡವರಿಗಿಂತ ಅವರು ಕೊಟ್ಟ ದುಡ್ಡೂ ಕಡಿಮೆಯೇ ಇದ್ದೀತು.

ಹಾಡಿನ ವಿಷಯಕ್ಕೆ ಬಂದರೆ ನನಗೆ ಅವಸರವೇ ಇಲ್ಲ. 2015ರ ಜುಲೈಯಿಂದ ಹೊಸ ಆಲ್ಬಮ್‌ಗಳು ಹೆಚ್ಚಿನ ದೇಶಗಳಲ್ಲಿ ಶುಕ್ರವಾರವೇ ಬಿಡುಗಡೆಯಾಗುತ್ತವೆ. ಶುಕ್ರವಾರ ಬಂತೆಂದರೆ ಆ್ಯಪ್ ತೆರೆದ ಕೂಡಲೇ ಹೊಸ ಪಟ್ಟಿ. ನಾನು ಅದರಿಂದ ಒಂದು ಆಲ್ಬಮ್ ಎತ್ತಿಕೊಂಡು ವಾರಗಟ್ಟಲೆ ಅದನ್ನೇ ಕೇಳುತ್ತೇನೆ. ಮೊದಲ ಸಲ ಕೇಳಿದಾಗ ಟ್ಯೂನ್ ಅಷ್ಟೇ ಸಿಗುತ್ತದೆ. ಎರಡು ಮೂರು ಸಲ ಆದಮೇಲೆ ಬೇಸ್ ಗಿಟಾರ್ ಬೇರೆಯಾಗಿ ಕೇಳಿಸುತ್ತದೆ. ಎರಡನೇ ಚರಣದಲ್ಲಿ ಅದು ಒಂದು ಸ್ವರ ಕೆಳಗಿಳಿಯುವುದರಿಂದಲೇ ಅಲ್ಲಿ ಎದೆ ಭಾರವಾಗುತ್ತಿತ್ತು ಎಂದು ತಿಳಿಯುತ್ತದೆ. ಆಮೇಲೆ ಎಡಗಿವಿಯಲ್ಲಿ ಮಾತ್ರ ಇರುವ ಸಣ್ಣ ತಾಳ, ಉದ್ದದ ಸಾಲಿಗೆ ಮುಂಚೆ ಹಾಡುಗಾರ್ತಿ ಎಳೆದುಕೊಳ್ಳುವ ಉಸಿರು. ಇದೆಲ್ಲ ಯಾರೋ ಸ್ಟುಡಿಯೋದಲ್ಲಿ ದಿನಗಟ್ಟಲೆ ಕೂತು ಇಟ್ಟದ್ದು. ಸ್ಪಾಟಿಫೈ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದಂತೆ ಎಣಿಸುತ್ತದೆ. ಅಷ್ಟರಲ್ಲಿ ಈ ಯಾವುದೂ ಕೈಗೆ ಸಿಗುವುದಿಲ್ಲ.

ಕೊನೆಗೆ ಆ ನೋಡಬೇಕಾದ ಪಟ್ಟಿ. ನಾನೂ ಒಂದು ಇಟ್ಟುಕೊಂಡಿದ್ದೇನೆ. ಆದರೆ ಪ್ರತಿ ಹೆಸರಿನ ಪಕ್ಕದಲ್ಲಿ ಅದನ್ನು ಯಾರು ಹೇಳಿದರು, ಯಾಕೆ ಹೇಳಿದರು ಅಂತ ಬರೆಯುತ್ತೇನೆ. "ಅಣ್ಣ, ಕೊನೆಯ ಜಗಳದ ದೃಶ್ಯಕ್ಕೆ." "ಆಫೀಸಿನ ಹುಡುಗ, ಹಿನ್ನೆಲೆ ಸಂಗೀತಕ್ಕೆ." ಪಕ್ಕದಲ್ಲಿ ಬರೆಯಲು ಯಾರೂ ಇಲ್ಲದ ಹೆಸರು ಆಗಾಗ ಅಳಿಸಿಹೋಗುತ್ತದೆ. ಉಳಿದದ್ದರಲ್ಲಿ ಯಾವುದನ್ನಾದರೂ ನೋಡಿದ ದಿನ, ಎಷ್ಟೇ ತಡವಾಗಿದ್ದರೂ, ಹೇಳಿದವರಿಗೆ ಫೋನ್ ಮಾಡುತ್ತೇನೆ.